ಅರೆಕಾ ಅನ್ನುವ ಇಂಗ್ಲಿಷ್ ಪದ ನಮ್ಮ ಅಡಿಕೆಯಿಂದ ಹೋದದ್ದಾ?

ತೋಟದದಾರಿ (ಮೊದಲ ಬರಹ)

ಎಲ್ಲರಿಗೂ ನಮಸ್ಕಾರ. ನಮ್ಮೂರು ಶಿರಸಿ ಕಡೆ, ಇರುವುದು ಬೆಂಗಳೂರಿನಲ್ಲಿ. ಮಗಳು ಏಳನೇ ಕ್ಲಾಸು. ಶಾಲೆಯಲ್ಲಿ ಸ್ಪೆಲ್ಲಿಂಗ್ ಸ್ಪರ್ಧೆಗೆ ಅಂತ ಕಷ್ಟದ ಇಂಗ್ಲಿಷ್ ಪದಗಳ ಒಂದು ಪಟ್ಟಿ ಕೊಟ್ಟಿದ್ದಾರೆ. ಅದರಲ್ಲಿ ಅರೆಕಾ ಅಂತ ಒಂದು ಪದ. "ಅಪ್ಪಾ, ಹಾಗಂದ್ರೇನು?" ಅಂದಳು. ಅಡಿಕೆ ಕಣೇ, ಅಜ್ಜಿ ಮನೆ ತೋಟದಲ್ಲಿ ಇದೆಯಲ್ಲ, ಅದೇ ಅಂದೆ. ಅವಳು ಬಾಲ್ಕನಿಗೆ ಹೋಗಿ ಅಲ್ಲಿರುವ ಕುಂಡ ತೋರಿಸಿದಳು. ನರ್ಸರಿಯಿಂದ ತಂದದ್ದು. ಚೀಟಿಯಲ್ಲಿ 'ಅರೆಕಾ ಪಾಮ್' ಅಂತ ಬರೆದಿದೆ. "ಇದೂ ಅಡಿಕೆನಾ? ಹಾಗಾದ್ರೆ ಇದರಲ್ಲಿ ಯಾವಾಗ ಅಡಿಕೆ ಬಿಡುತ್ತೆ?"

ಹುಟ್ಟಿದಾಗಿನಿಂದ ಅಡಿಕೆ ಮರ ನೋಡಿದವನು ನಾನು. ಕುಂಡದಲ್ಲಿರುವುದು ನಮ್ಮ ಅಡಿಕೆ ಅಲ್ಲ ಅಂತ ನೋಡಿದರೇ ಗೊತ್ತಾಗುತ್ತದೆ. ಆದರೆ ಹೆಸರು ಹೇಗೆ ಒಂದೇ ಆಯಿತು? ಅರೆಕಾ ಅನ್ನುವುದು ಕನ್ನಡದ ಅಡಿಕೆಯಿಂದಲೇ ಹೋದದ್ದು ಅಂತ ಗೆಳೆಯರೊಬ್ಬರು ಹೇಳಿದರು. ನಿಜವಾ? ಮಗಳಿಗೆ ತಪ್ಪು ಹೇಳಿಕೊಡಲು ಮನಸ್ಸಿಲ್ಲ. ತಿಳಿದವರು ಹೇಳಿ.

ಹೊಳೆಸಾಲು

ನಿಜ ಅಲ್ಲದೆ ಏನು! ಅಡಿಕೆ, ಅಡೆಕ, ಅರೆಕ. ಬೇರೆ ಪುರಾವೆ ಯಾಕೆ ಬೇಕು? ನಮ್ಮದು ಹೊನ್ನಾವರ. ಭಟ್ಕಳ, ಹೊನ್ನಾವರ, ಬಸ್ರೂರು, ಮಂಗಳೂರು ಎಲ್ಲಾ ಬಂದರುಗಳಿಗೂ ಪೋರ್ಚುಗೀಸರ ಹಡಗು ಬರುತ್ತಿತ್ತು. ಘಟ್ಟದ ಮೇಲಿನ ಅಡಿಕೆ, ಮೆಣಸು ಇಳಿಯುತ್ತಿದ್ದದ್ದು ಈ ಬಂದರುಗಳಿಗೇ. ಸರಕಿನ ಜೊತೆ ಹೆಸರೂ ಹಡಗು ಹತ್ತಿದೆ. ಮಗಳಿಗೆ ಧೈರ್ಯವಾಗಿ ಹೇಳಿ, ಇದು ಕನ್ನಡದ ಪದ ಅಂತ.

ಪದದಬೇರು

ಹೊಳೆಸಾಲು ಅವರೇ, ಬಂದರುಗಳ ಮಾತು ಸರಿ. ಆದರೆ ಈ ಪದ ಹತ್ತಿದ ಹಡಗು ಇನ್ನೂ ಸ್ವಲ್ಪ ತೆಂಕಣದ್ದು. ಅರೆಕಾ ಬಂದದ್ದು ಮಲಯಾಳದಿಂದ. ನಮ್ಮ ಅಡಿಕೆ ಅದರ ಒಡಹುಟ್ಟು. ತಾಯಿ ಅಲ್ಲ. ಸ್ವಲ್ಪ ಉದ್ದ ಬರೆಯುತ್ತೇನೆ, ಯಾಕೆಂದರೆ ಈ ಪದ ಹೋದ ದಾರಿ ತುಂಬಾ ಚೆನ್ನಾಗಿದೆ.

ಮಲಯಾಳದಲ್ಲಿ ಅಡಿಕೆಗೆ ಅಡಕ್ಕ ಅನ್ನುತ್ತಾರೆ. ಬರೆಯುವಾಗ ನಡುವೆ ಒಂದು 'ಯ್' ಬರುತ್ತದೆ, ಅಡಯ್ಕ್ಕ ಅಂತ. ತಮಿಳಿನ ಹಳೆಯ ರೂಪ ಅಡೈಕ್ಕಾಯ್. ಈಗ ಅರೆಕ ಅನ್ನುವುದರ ನಡುವಿನ 'ರೆ' ನೋಡಿ. ಆ 'ಎ' ಎಲ್ಲಿಂದ ಬಂತು? ಕನ್ನಡದ ಅಡಕೆ, ಅಡಿಕೆಗಳಲ್ಲಿ ಆ ಜಾಗದಲ್ಲಿ 'ಅ' ಅಥವಾ 'ಇ' ಇದೆ. ಮಲಯಾಳದ ಅಡಯ್‌ನಲ್ಲಿ ಮಾತ್ರ 'ಎ'ಗೆ ಹತ್ತಿರದ ದನಿ ಸಿಗುತ್ತದೆ. ಪದದ ಕೊನೆಯೂ ಹಾಗೇ. ನಮ್ಮದು 'ಕೆ', ಅವರದು 'ಕ್ಕ', ಇಂಗ್ಲಿಷಿಗೆ ಹೋದದ್ದು 'ಕ'.

ಇನ್ನು ಇತಿಹಾಸ. ವಾಸ್ಕೋ ಡ ಗಾಮ 1498ರಲ್ಲಿ ಬಂದದ್ದು ಕಲ್ಲಿಕೋಟೆಗೆ. ಪೋರ್ಚುಗೀಸರು ಮೊದಲು ತಳವೂರಿದ್ದು ಕೊಚ್ಚಿ, ಕಣ್ಣೂರುಗಳಲ್ಲಿ. ಗೋವಾ ಹಿಡಿದದ್ದು ಆಮೇಲೆ, 1510ರಲ್ಲಿ. ಅದೇ 1510ರಲ್ಲಿ ಇಟಲಿಯ ಪ್ರವಾಸಿ ವರ್ತೆಮಾನ ಪುಸ್ತಕ ಅಚ್ಚಾಯಿತು. ಕಲ್ಲಿಕೋಟೆಯ ಜನ ಎಲೆಯ ಜೊತೆ ಒಂದು ಕಾಯಿ ಮೆಲ್ಲುತ್ತಾರೆ, ಕಾಯಿಗೆ ಕೊಫೊಲೊ ಅನ್ನುತ್ತಾರೆ, ಅದರ ಮರಕ್ಕೆ ಅರೆಕ ಅನ್ನುತ್ತಾರೆ ಅಂತ ಅವನು ಬರೆದಿದ್ದಾನೆ. ಕೊಫೊಲೊ ಅನ್ನುವುದು ಅರಬ್ಬರ ಫೌಫಲ್. ಅದರ ಮೂಲ ಸಂಸ್ಕೃತದ ಪೂಗಫಲ ಅನ್ನುತ್ತಾರೆ. ಅಂದರೆ ಒಂದೇ ಪೇಟೆಯಲ್ಲಿ ನಿಂತು ಅರಬ್ ವ್ಯಾಪಾರಿಯ ಬಾಯಿಂದ ಒಂದು ಹೆಸರು, ಊರಿನವರ ಬಾಯಿಂದ ಇನ್ನೊಂದು ಹೆಸರು ಕೇಳಿದ್ದಾನೆ. ಎರಡನ್ನೂ ಬರೆದುಕೊಂಡ. ಎಷ್ಟು ಒಳ್ಳೆಯ ಕೆಲಸ ಅಲ್ವಾ?

ಅವನ ಹಿಂದೆಯೇ ಅರೆಕ ಅಂತ ಬರೆದವನು ದುವಾರ್ತೆ ಬಾರ್ಬೋಸ. ಇವನು ಕಣ್ಣೂರಿನ ಪೋರ್ಚುಗೀಸ್ ಕೋಠಿಯಲ್ಲಿ ಬರೆಯುವ ಕೆಲಸದವನು. ಮಲಯಾಳ ಚೆನ್ನಾಗಿ ಬರುತ್ತಿತ್ತು, ದುಭಾಷಿಯ ಕೆಲಸವನ್ನೂ ಮಾಡಿದವನು. ಆಮೇಲೆ ಗಾರ್ಸಿಯಾ ದ ಓರ್ತ. ಗೋವಾದಲ್ಲಿದ್ದ ವೈದ್ಯ. ಅವನ ಔಷಧಿ ಗಿಡಗಳ ಪುಸ್ತಕ 1563ರಲ್ಲಿ ಗೋವಾದಲ್ಲೇ ಅಚ್ಚಾಯಿತು. ಮಲಬಾರಿನಲ್ಲಿ ಇದಕ್ಕೆ ಪಾಕ್ ಅನ್ನುತ್ತಾರೆ, ನಾಯರ್‌ಗಳು ಅರೆಕ ಅನ್ನುತ್ತಾರೆ ಅಂತ ಅವನು ಯಾರ ಮಾತು ಅನ್ನುವುದನ್ನೂ ಸೇರಿಸಿ ಹೇಳುತ್ತಾನೆ. ಪಾಕ್ ಅಂದರೆ ತಮಿಳಿನ ಪಾಕ್ಕು.

ಪೋರ್ಚುಗೀಸಿನಿಂದ ಇಂಗ್ಲಿಷಿಗೆ ಈ ಪದ 16ನೇ ಶತಮಾನ ಮುಗಿಯುವ ಹೊತ್ತಿಗೆ ಹೋಯಿತು. 1753ರಲ್ಲಿ ಸ್ವೀಡನ್ನಿನ ಸಸ್ಯವಿಜ್ಞಾನಿ ಲಿನೇಯಸ್ ಅಡಿಕೆ ಮರಕ್ಕೆ ಅರೆಕಾ ಕ್ಯಾಟೆಚು ಅಂತ ಹೆಸರಿಟ್ಟ. ಅಲ್ಲಿಗೆ ಲೋಕದ ಎಲ್ಲಾ ಗಿಡದ ಪುಸ್ತಕಗಳಿಗೂ ಮಲಯಾಳದ ಅಡಕ್ಕ ಹೋಗಿ ಕೂತಿತು.

ಇಷ್ಟನ್ನೂ ಮೊದಲು ಒಟ್ಟುಮಾಡಿ ಕೊಟ್ಟದ್ದು ಹಾಬ್ಸನ್ ಜಾಬ್ಸನ್ ಅನ್ನುವ ನಿಘಂಟು, ಭಾರತದ ಕಡೆಯಿಂದ ಇಂಗ್ಲಿಷಿಗೆ ಹೋದ ಪದಗಳದ್ದು, 1886ರದ್ದು. ಅದನ್ನು ಮಾಡಿದ ಇಬ್ಬರಲ್ಲಿ ಒಬ್ಬರು ಬರ್ನೆಲ್. ಅವರು ಮಂಗಳೂರಿನಲ್ಲಿ ಜಡ್ಜ್ ಆಗಿದ್ದವರು. ಅಡಿಕೆ ಸೀಮೆಯಲ್ಲಿ ಕೂತು ಕೆಲಸ ಮಾಡಿದ ಮನುಷ್ಯ. ಅವರೂ ಮೂಲ ಮಲಯಾಳ ಎಂದೇ ಬರೆದಿದ್ದಾರೆ.

ಹೊಳೆಸಾಲು

ಓದಿದೆ ಸರ್. ಇಷ್ಟು ವಿವರ ಗೊತ್ತಿರಲಿಲ್ಲ, ಥ್ಯಾಂಕ್ಸ್. ಆದರೂ ಒಂದು ಅನುಮಾನ ಉಳಿಯಿತು. 'ಡ' ಹೋಗಿ 'ರ' ಆದದ್ದು ಹೇಗೆ? ಎರಡೂ ಬೇರೆ ಬೇರೆ ಅಕ್ಷರ ಅಲ್ವಾ? ಅಡೆಕ ಅಂತಲೇ ಬರೆದುಕೊಳ್ಳಬಹುದಿತ್ತಲ್ಲ. ಸುಮ್ನೆ ಹೋಲುತ್ತದೆ ಅಂತ ಒಪ್ಪಿಕೊಳ್ಳಲು ಆಗುವುದಿಲ್ಲ.

ಕಾವೇರಿಮೂಲೆ

ಇದಕ್ಕೆ ನಾನು ಉತ್ತರ ಹೇಳಬಲ್ಲೆ, ಯಾಕೆಂದರೆ ನಮ್ಮ ಊರಿಗೇ ಹೀಗಾಗಿದೆ. ನಾನು ಕೊಡಗಿನವಳು. ಕೊಡಗು ಇಂಗ್ಲಿಷರ ಬಾಯಲ್ಲಿ ಏನಾಯಿತು? ಕೂರ್ಗ್. ಮಡಿಕೇರಿ ಏನಾಯಿತು? ಮರ್ಕೆರಾ. ಎರಡರಲ್ಲೂ 'ಡ' ಹೋಗಿ 'ರ' ಬಂದಿದೆ ನೋಡಿ. ಅಡಕ್ಕ ಅರೆಕ ಆದದ್ದೂ ಹಾಗೇ ಇರಬೇಕು.

ಬೇಕಿದ್ದರೆ ಈಗಲೇ ಮಾಡಿ ನೋಡಿ. ಮಡಿಕೇರಿ ಅಂತ ಬೇಗ ಬೇಗ ಐದು ಸಲ ಹೇಳಿ. ಎರಡು ಸ್ವರಗಳ ನಡುವೆ 'ಡ' ಬಂದಾಗ ನಾಲಿಗೆ ಮೇಲೆ ಹೋಗಿ ನಿಲ್ಲುವುದಿಲ್ಲ. ಅಂಗುಳಕ್ಕೆ ತಟ್ಟಿ ಕೂಡಲೇ ಕೆಳಗೆ ಬೀಳುತ್ತದೆ. ನಮಗೆ ಅದು 'ಡ' ಅಂತಲೇ ಕೇಳುತ್ತದೆ. ನಾಲಿಗೆ ಹಿಂದಕ್ಕೆ ಮಡಚುವ ದನಿಯೇ ಇಲ್ಲದ ಭಾಷೆಯವರಿಗೆ ಆ ತಟ್ಟು 'ರ' ಅಂತ ಕೇಳುತ್ತದೆ.

ಪದದಬೇರು

ಕಾವೇರಿಮೂಲೆ ಅಕ್ಕಾ, ಮರ್ಕೆರಾ ನನಗೆ ಹೊಳೆದೇ ಇರಲಿಲ್ಲ. ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದಿಲ್ಲ. ಪೋರ್ಚುಗೀಸರು ಬೇರೆ, ಇಂಗ್ಲಿಷರು ಬೇರೆ. ಕಾಲವೂ ಬೇರೆ. ಆದರೆ ಕಿವಿಗೆ ಬಿದ್ದದ್ದು ಒಂದೇ.

ಕುಂಬಳೆಸೀಮೆ

ನಮ್ಮದು ಕಾಸರಗೋಡು ಕಡೆಯ ಹವ್ಯಕರ ಮನೆ. ನಮ್ಮ ಮನೆಮಾತಿನಲ್ಲಿ ಅಡಿಕೆ ಅನ್ನುವುದೇ ಇಲ್ಲ, ಅಡಕ್ಕೆ ಅನ್ನುವುದು. ಬೆಳಿಗ್ಗೆ ಎದ್ದರೆ ಅತ್ತೆಯ ಮೊದಲ ಮಾತು "ಅಡಕ್ಕೆ ಹೆಕ್ಕಿ ಆತೋ?" ಎಂದೇ. ಮಲಯಾಳದವರ ಅಡಕ್ಕಕ್ಕೂ ನಮ್ಮ ಅಡಕ್ಕೆಗೂ ಕೊನೆಯ ಒಂದು ಸ್ವರ ಮಾತ್ರ ವ್ಯತ್ಯಾಸ. ಅದೇ ಅಂಗಳದಲ್ಲಿ ಅಡಿಕೆ ಹೆಕ್ಕುವ ತುಳುವರು ಬಜ್ಜೈ ಅನ್ನುತ್ತಾರೆ, ಮರಕ್ಕೆ ಕಂಗು ಅನ್ನುತ್ತಾರೆ. ಕೊಂಕಣಿ ಮನೆಗೆ ಹೋದರೆ ಫೊಪ್ಪಳ. ಕನ್ನಡ ಶಾಲೆಯಲ್ಲಿ ಅಡಿಕೆ. ಚಿಕ್ಕಂದಿನಲ್ಲಿ ಇವೆಲ್ಲಾ ಒಂದೇ ಅಂಗಳದಲ್ಲಿ ಕೇಳಿ ಬೆಳೆದವಳು ನಾನು. ವರ್ತೆಮಾ ಕೇಳಿದ ಕೊಫೊಲೊ ನಮ್ಮ ಕೊಂಕಣಿಯವರ ಫೊಪ್ಪಳದ ನೆಂಟ ಅಂತ ಇವತ್ತು ಗೊತ್ತಾಯಿತು. ತುಂಬಾ ಖುಷಿ ಆಯಿತು.

ಹೊಳೆಸಾಲು

ಕುಂಬಳೆಸೀಮೆ ಅಕ್ಕನ ಮಾತು ಕೇಳಿದ ಮೇಲೆ ಮತ್ತೆ ಕೇಳಬೇಕು ಅನಿಸಿತು. ಅಡಕ್ಕೆ ಅನ್ನುವ ಕನ್ನಡ ಇದೆ ಅಂತಾಯಿತಲ್ಲ. ಹಾಗಾದರೆ ಅಲ್ಲಿಂದಲೇ ಯಾಕೆ ಹೋಗಿರಬಾರದು?

ಪದದಬೇರು

ಕೇಳಬೇಕಾದ ಪ್ರಶ್ನೆಯೇ. ಒಂದು ಪದವನ್ನು ಒಂಟಿಯಾಗಿ ನಿಲ್ಲಿಸಿ ನೋಡಿದರೆ ಯಾವ ಕಡೆ ಬೇಕಾದರೂ ವಾಲಿಸಬಹುದು. ಅದರ ಜೊತೆ ಹಡಗು ಹತ್ತಿದ ಬೇರೆ ಪದಗಳನ್ನು ನೋಡಬೇಕು.

ಇಂಗ್ಲಿಷಿನ ಕೋಪ್ರಾ ತೆಗೆದುಕೊಳ್ಳಿ. ನಮ್ಮದು ಕೊಬ್ಬರಿ. ಮಲಯಾಳದ್ದು ಕೊಪ್ಪರ. ಇಂಗ್ಲಿಷಿನಲ್ಲಿ 'ಬ' ಇಲ್ಲ, 'ಪ' ಇದೆ. ಟೀಕ್ ನೋಡಿ. ನಮ್ಮದು ತೇಗ, ಅವರದು ತೇಕ್ಕು, ಪೋರ್ಚುಗೀಸಿನಲ್ಲಿ ತೇಕ. 'ಗ' ಇಲ್ಲ, 'ಕ' ಇದೆ. ಜಾಕ್ ಅನ್ನುವ ಹಣ್ಣು ಮಲಯಾಳದ ಚಕ್ಕ, ನಮ್ಮದು ಹಲಸು. ಕಾಯರ್ ಅವರ ಕಯರ್, ನಮಗೆ ನಾರು, ಹಗ್ಗ. ಮ್ಯಾಂಗೋ ಅವರ ಮಾಂಗ, ನಾವು ಮಾವಿನಕಾಯಿ ಅನ್ನುತ್ತೇವೆ. ಇಷ್ಟೂ ಸರಕು ಒಂದೇ ದಡದಿಂದ, ಒಂದೇ ಜನರ ಬಾಯಿಂದ ಹೋದವು. ಅಡಿಕೆಯ ಹೆಸರು ಮಾತ್ರ ಬೇರೆ ಬಂದರಿನಿಂದ ಹೋಯಿತು ಅನ್ನಲು ಗಟ್ಟಿ ಕಾರಣ ಬೇಕು. ನನಗೆ ಸಿಕ್ಕಿಲ್ಲ.

ನಮ್ಮ ಪದಕ್ಕೂ ಅವರ ಪದಕ್ಕೂ ಬೇರು ಒಂದೇ. ದ್ರಾವಿಡ ಭಾಷೆಗಳ ವ್ಯಾಕರಣ ಬರೆದ ಕಾಲ್ಡ್‌ವೆಲ್ ಕೊಟ್ಟ ವಿವರಣೆ ಹೀಗಿದೆ: ಅಡೈ ಅಂದರೆ ಒತ್ತೊತ್ತಾಗಿ ಸೇರಿರುವುದು, ಕಾಯ್ ಅಂದರೆ ಕಾಯಿ. ಗೊನೆಯಲ್ಲಿ ಒತ್ತಾಗಿ ಕೂತ ಕಾಯಿ. ನಾವು ಮೂಟೆಯಲ್ಲಿ ಬಟ್ಟೆ ಅಡಕುತ್ತೇವಲ್ಲ, ಆ ಅಡಕು ಪದದ ನೆನಪಾಗುತ್ತದೆ. ಮಾಂಗ ಅನ್ನುವುದರಲ್ಲೂ ಇದೇ ಕಾಯ್ ಇದೆ. ಅಂದರೆ ಅರೆಕಾದ ಕೊನೆಯ 'ಕಾ', ಮ್ಯಾಂಗೋದ ಕೊನೆಯ 'ಗೋ' ಎರಡೂ ನಾವು ದಿನಾ ಹೇಳುವ ಕಾಯಿಯೇ.

ತೋಟದದಾರಿ

ಗೊನೆಯ ಮಾತು ಬಂತಲ್ಲ, ಅದಕ್ಕೆ ಹೇಳುತ್ತೇನೆ. ಕೊನೆ ಕೊಯ್ಲಿನ ದಿನ, ಅಂದರೆ ಅಡಿಕೆ ಗೊನೆ ಇಳಿಸುವ ದಿನ, ಕೊನೆಗಾರ ಮರದಿಂದ ಹಗ್ಗದಲ್ಲಿ ಗೊನೆ ಜಾರಿಸಿದರೆ ಕೆಳಗೆ ಹಿಡಿದುಕೊಳ್ಳುವುದು ಚಿಕ್ಕಂದಿನಲ್ಲಿ ನನ್ನ ಕೆಲಸ. ಒಳ್ಳೆ ಗೊನೆಯಾದರೆ ನಡುವೆ ಬೆರಳು ತೂರಿಸಲೂ ಜಾಗ ಇರುವುದಿಲ್ಲ. ಒಂದು ಕಾಯಿ ಕಿತ್ತರೆ ಅದು ಕೂತಿದ್ದ ಜಾಗದಲ್ಲಿ ಅಕ್ಕಪಕ್ಕದ ಕಾಯಿ ಒತ್ತಿದ ಗುರುತು ಕಾಣುತ್ತದೆ. ಅಡಕಿದ ಕಾಯಿ ಅಂದರೆ ನನಗಂತೂ ಕಣ್ಣಿಗೆ ಕಟ್ಟಿದ ಹಾಗಾಯಿತು.

ಕುಂಡದ ಗಿಡದ ಬಗ್ಗೆ ಯಾರೂ ಹೇಳಲಿಲ್ಲ. ಮಗಳು ದಿನಾ ಕೇಳುತ್ತಿದ್ದಾಳೆ.

ಹಸಿರುಕುಂಡ

ನಾನು ಹೇಳುತ್ತೇನೆ, ಗಿಡ ಮಾರುವುದೇ ನನ್ನ ಕೆಲಸ. ನಿಮ್ಮ ಕುಂಡದ್ದು ಮಡಗಾಸ್ಕರ್ ದ್ವೀಪದ ತಾಳೆ. ಹಿಂದೆ ಗಿಡದ ವ್ಯಾಪಾರದಲ್ಲಿ ಅದನ್ನು ಅರೆಕಾ ಲುಟೆಸೆನ್ಸ್ ಅನ್ನುವ ಹೆಸರಲ್ಲಿ ಮಾರುತ್ತಿದ್ದರು. ಆಮೇಲೆ ಸಸ್ಯಶಾಸ್ತ್ರದವರು ಅದನ್ನು ಬೇರೆ ಗುಂಪಿಗೆ ಸೇರಿಸಿದರು, ಡಿಪ್ಸಿಸ್ ಲುಟೆಸೆನ್ಸ್ ಅಂದರು. ಪೇಟೆಯಲ್ಲಿ ಹಳೆ ಹೆಸರೇ ನಿಂತುಬಿಟ್ಟಿತು.

ಗುರುತು ಹಿಡಿಯುವುದು ಸುಲಭ. ಬುಡ ನೋಡಿ. ಒಂದೇ ಬುಡದಿಂದ ಏಳೆಂಟು ಕಾಂಡ ಗುಂಪಾಗಿ ಎದ್ದಿವೆಯಾ? ಗರಿಯ ದಂಟು ಹಳದಿಯಾ? ಹಾಗಿದ್ದರೆ ಅದು ಮಡಗಾಸ್ಕರಿನದ್ದು. ಅಡಿಕೆ ಒಂಟಿ ಕಾಂಡದ್ದು, ದಂಟು ಹಸಿರು. ಎಷ್ಟು ವರ್ಷ ನೀರು ಹಾಕಿದರೂ ಆ ಗಿಡ ಅಡಿಕೆ ಬಿಡುವುದಿಲ್ಲ ಅಂತ ಮಗಳಿಗೆ ಹೇಳಿ. ಅಂಗಡಿಗೆ ಬರುವವರೂ ಇದನ್ನೇ ಕೇಳುತ್ತಾರೆ. ಮಲೆನಾಡಿನವರು ಯಾರೂ ಕೇಳುವುದಿಲ್ಲ, ಅವರಿಗೆ ನೋಡಿದ ಕೂಡಲೇ ಗೊತ್ತಾಗುತ್ತದೆ.

ಕಾವೇರಿಮೂಲೆ

ಅಂದರೆ ಅಡಕ್ಕ ಇಲ್ಲಿಂದ ಲಿಸ್ಬನ್ನಿಗೆ ಹೋಗಿ, ಲಂಡನ್ನಿಗೆ ಹೋಗಿ, ಲ್ಯಾಟಿನ್ ಆಗಿ, ಇನ್ಯಾವುದೋ ದ್ವೀಪದ ಗಿಡದ ಮೇಲೆ ಕೂತು ಬೆಂಗಳೂರಿನ ಬಾಲ್ಕನಿಗೆ ವಾಪಸ್ ಬಂದಿದೆ. ಅಜ್ಜಿ ಮನೆಯ ಅಡಿಕೆ ಗುರುತಿಸುವ ಮಗುವಿಗೂ ಅದರ ಹೆಸರು ಗುರುತು ಸಿಗಲಿಲ್ಲ ಅಂದರೆ ಆಶ್ಚರ್ಯ ಇಲ್ಲ.

ರೋಗಿಸೇವೆ

ನಾನು ನರ್ಸ್. ಬೇರೆ ಒಂದು ಮಾತು ಹೇಳಬೇಕು. ಇಂಗ್ಲಿಷಿನಲ್ಲಿ ಅರೆಕಾ ಕಡಿಮೆ ಜನ ಹೇಳುತ್ತಾರೆ. ಜಾಸ್ತಿ ಹೇಳುವುದು ಬೀಟಲ್ ನಟ್ ಅಂತ. ನಾನು ಕೆಲಸ ಮಾಡಿದ ಒಂದು ಕಡೆ ಬಾಯಿಹುಣ್ಣಿನ ರೋಗಿಗಳಿಗೆ ಕೊಡುವ ಚೀಟಿಯಲ್ಲೂ ಹಾಗೇ ಇತ್ತು. ಅದನ್ನು ಯಾರೋ ಕನ್ನಡಕ್ಕೆ ಮಾಡುವಾಗ ವೀಳ್ಯ ಬಿಡಿ ಅಂತ ಬರೆದರು. ಒಬ್ಬ ಅಮ್ಮ ಎಲೆ ಹಾಕುವುದು ನಿಲ್ಲಿಸಿ ಬರೀ ಅಡಿಕೆ ಜಗಿಯುತ್ತಿದ್ದರು. "ಎಲೆ ಬಿಟ್ಟಿದ್ದೀನಲ್ಲ ಸಿಸ್ಟರ್, ಚೀಟೀಲಿ ಹಂಗೇ ಬರ್ದಿದ್ರಲ್ಲ" ಅಂದರು. ನನಗೆ ಮಾತೇ ಹೊರಡಲಿಲ್ಲ.

ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲಿ ಹೊರತಂದ ಸಂಪುಟದಲ್ಲಿ ಕ್ಯಾನ್ಸರ್ ತರುವ ಒಂದನೇ ಗುಂಪಿಗೆ ಸೇರಿಸಿದ್ದು ಅಡಿಕೆಯನ್ನು. ತಂಬಾಕು ಇಲ್ಲದಿದ್ದರೂ ಅಡಿಕೆ ಹಾಕಿದ ವೀಳ್ಯ ಅದೇ ಗುಂಪಿನಲ್ಲೇ ಇದೆ. ಅಡಿಕೆ ಬೆಳೆಯುವವರ ಮನಸ್ಸು ನೋಯಿಸಲು ಹೇಳುತ್ತಿಲ್ಲ. ಎಲೆಗೂ ಕಾಯಿಗೂ ಹೆಸರು ಅದಲುಬದಲಾದರೆ ಏನಾಗುತ್ತದೆ ಅಂತ ಕಣ್ಣಾರೆ ನೋಡಿದ್ದೇನೆ, ಅದಕ್ಕೆ ಹೇಳಿದೆ.

ಪದದಬೇರು

ಇದನ್ನು ಹೇಳಿದ್ದು ಒಳ್ಳೆಯದಾಯಿತು ಸಿಸ್ಟರ್. ಬೀಟಲ್ ಅಂದರೆ ಕಾಯಿ ಅಲ್ಲವೇ ಅಲ್ಲ, ಎಲೆ. ಎಲೆಯ ಹೆಸರನ್ನು ಕಾಯಿಗೆ ಅಂಟಿಸಿದ್ದು ಇಂಗ್ಲಿಷರ ತಪ್ಪು. ಈ ಹೆಸರು ಸರಿಯಿಲ್ಲ ಅಂತ 1886ರ ಆ ನಿಘಂಟಿನಲ್ಲೇ ಬರೆದಿದ್ದಾರೆ. ಆದರೂ ಇವತ್ತಿಗೂ ಪತ್ರಿಕೆಗಳಲ್ಲಿ ಬರುತ್ತದೆ.

ಬೀಟಲ್ ಮೂಲವೂ ಮಲಯಾಳವೇ. ಅಲ್ಲಿ ವೀಳ್ಯದೆಲೆಗೆ ವೆಟ್ಟಿಲ ಅನ್ನುತ್ತಾರೆ, ತಮಿಳಿನಲ್ಲಿ ವೆಟ್ರಿಲೈ. ವೆರುಂ, ಇಲ ಎರಡೂ ಸೇರಿ ಆದ ಪದ. ಹಾಗೇ ಜಗಿಯುವ, ಬೇರೇನೂ ಮಾಡದ ಎಲೆ ಅಂತ. ಪೋರ್ಚುಗೀಸರ ಬಾಯಲ್ಲಿ 'ವ' ಹೋಗಿ 'ಬ' ಆಯಿತು. ಈಗ ಕನ್ನಡದ ಕಡೆ ತಿರುಗಿ. ತಮಿಳು, ಮಲಯಾಳಗಳಲ್ಲಿ ಪದದ ಮೊದಲಿಗೆ 'ವ' ಇದ್ದರೆ ನಮ್ಮಲ್ಲಿ 'ಬ' ಬರುತ್ತದೆ. ಅವರ ವಾಯ್ ನಮ್ಮ ಬಾಯಿ. ವೇರ್ ನಮ್ಮ ಬೇರು. ವಿರಲ್ ನಮ್ಮ ಬೆರಳು. ಹಾಗೆಯೇ ವೆರುಂ ನಮ್ಮ ಬರಿ. ಅಂದರೆ ವೆಟ್ಟಿಲ ಅನ್ನುವುದನ್ನು ಅಕ್ಷರ ಅಕ್ಷರ ಕನ್ನಡಕ್ಕೆ ತಂದರೆ 'ಬರಿ ಎಲೆ' ಆಗುತ್ತದೆ. ಬೀಟಲ್ ನಟ್ ಅಂದರೆ ಬರಿ ಎಲೆ ಕಾಯಿ! ಆ ಅಮ್ಮನಿಗೆ ತಪ್ಪು ಅರ್ಥ ಆದದ್ದು ಅವರ ತಪ್ಪಲ್ಲ.

ಹೊಳೆಸಾಲು

ಬರಿ ಎಲೆ! ಅಮ್ಮ ಊಟ ಆದ ಮೇಲೆ "ಒಂದು ಎಲೆ ಕೊಡು" ಅನ್ನುತ್ತಾಳೆ, ವೀಳ್ಯದೆಲೆ ಅನ್ನುವುದೇ ಇಲ್ಲ. ಇಷ್ಟು ಗಿಡ ಮರ ಇರುವ ಊರಿನಲ್ಲಿ ಬರೀ ಎಲೆ ಅಂದರೆ ಇದೇ ಎಲೆ. ನಾನು ಮೊದಲು ಬರೆದದ್ದು ಅವಸರದ ಮಾತು, ವಾಪಸ್ ತೆಗೆದುಕೊಳ್ಳುತ್ತೇನೆ. ಅರೆಕಾ ಮಲಯಾಳದ್ದೇ. ಕ್ಯಾಟೆಚು ಅಂತ ಲಿನೇಯಸ್ ಸೇರಿಸಿದ್ದು ಏನು?

ಕುಂಬಳೆಸೀಮೆ

ಅದು ಕಾಚು ಅಲ್ವಾ? ಎಲೆ ಅಡಿಕೆ ಜೊತೆ ಹಾಕುವ ಕಾಚು.

ಪದದಬೇರು

ಅದೇ ಅಕ್ಕಾ. ಮಲಯ ಭಾಷೆಯ ಕಾಚು, ನಮ್ಮ ಕಾಚು ಒಂದೇ ಪದ. ನಿಜವಾದ ಕಾಚು ಬರುವುದು ಕಗ್ಗಲಿ ಮರದ ಚೇಗಿನಿಂದ, ಅಡಿಕೆಯಿಂದ ಅಲ್ಲ. ಆದರೆ ಅಡಿಕೆ ಬೇಯಿಸಿದರೂ ಕೆಂಪಗೆ ಒಗರು ರಸ ಬಿಡುತ್ತದೆ. ತೋಟದದಾರಿಯವರಿಗೆ ಗೊತ್ತಿರುತ್ತದೆ.

ತೋಟದದಾರಿ

ಗೊತ್ತಿಲ್ಲದೆ ಏನು ಸರ್, ಚೊಗರು. ಕೆಂಪಡಿಕೆ ಮಾಡುವಾಗ ಹಂಡೆಯಲ್ಲಿ ಉಳಿಯುವುದು. ಸುಲಿದ ಹಸಿ ಅಡಿಕೆ ಬೇಯಿಸಿ ಬೇಯಿಸಿ ನೀರು ಗಟ್ಟಿಯಾಗುತ್ತದೆ. ಅದನ್ನು ಎತ್ತಿಟ್ಟುಕೊಂಡು ಅಡಿಕೆಗೆ ಬಣ್ಣ ಕೊಡುತ್ತಾರೆ. ಅಂಗಿಗೆ ಬಿದ್ದರೆ ಕಲೆ ಹೋಗುವುದೇ ಇಲ್ಲ. ಶಾಲೆಗೆ ಹೋಗುವ ನಮ್ಮೆಲ್ಲರ ಅಂಗಿಯಲ್ಲೂ ಒಂದೊಂದು ಚೊಗರಿನ ಕಲೆ ಇರುತ್ತಿತ್ತು. ದೂರದಲ್ಲಿ ಕೂತು ಆ ರಸದ ಬಗ್ಗೆ ಕೇಳಿದವರಿಗೆ ಇದೂ ಕಾಚು ಅನಿಸಿದರೆ ತಪ್ಪೇನಿಲ್ಲ.

ದೂರದೂರು

ನಾನಿರುವುದು ಮಲೇಷ್ಯಾದಲ್ಲಿ. ಮಲಯ ಭಾಷೆಯಲ್ಲಿ ಅಡಿಕೆಗೆ ಪಿನಾಂಗ್ ಅನ್ನುತ್ತಾರೆ. ಪೆನಾಂಗ್ ದ್ವೀಪ ಇದೆಯಲ್ಲ, ಅದರ ಹೆಸರು ಇದೇ ಮರದ್ದು. ಅಡಿಕೆಯ ಹೆಸರಿನ ದ್ವೀಪ ಅಂತ ಗೊತ್ತಾದ ದಿನ ಅಮ್ಮನಿಗೆ ಫೋನ್ ಮಾಡಿ ಹೇಳಿದ್ದೆ.

ತೋಟದದಾರಿ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ನಿನ್ನೆ ರಾತ್ರಿ ಮಗಳಿಗೆ ಎಲ್ಲಾ ಓದಿ ಹೇಳಿದೆ. ಕೂಡಲೇ ಅಜ್ಜಿಗೆ ವಿಡಿಯೋ ಕಾಲ್ ಮಾಡಿ "ಅಜ್ಜೀ, ಅಡಿಕೆ ಅಂತ ಬೇಗ ಬೇಗ ಹೇಳು" ಅಂದಳು. ಅಮ್ಮ ಊಟ ಮುಗಿಸಿ ಜಗಲಿಯಲ್ಲಿ ಕೂತು ಅಡಿಕೆ ಹೋಳು ಮಾಡುತ್ತಿದ್ದಳು. ಅವಳು "ಅಡ್ಕೆ" ಅಂದಳು. ನಡುವಿನ 'ಇ' ಪೂರ್ತಿ ಹೋಗಿದೆ. ಹಾಗೆ ಹೇಳಿದರೆ ನಾಲಿಗೆ ತಟ್ಟಿ ಬೀಳುವುದಿಲ್ಲ, ನಿಲ್ಲುತ್ತದೆ. 'ರ' ಕೇಳುವುದೇ ಇಲ್ಲ ಅಂತ ಮಗಳೇ ಕಂಡುಹಿಡಿದಳು. ಕುಂಡದ ಗಿಡದ ಕಾಂಡವನ್ನೂ ಎಣಿಸಿದಳು. ಒಂಬತ್ತು. ಚೀಟಿ ಕಿತ್ತು 'ಮಡಗಾಸ್ಕರ್' ಅಂತ ಬರೆದು ಅಂಟಿಸಿದ್ದಾಳೆ.

ಅವಳದ್ದೇ ಇನ್ನೊಂದು ಪ್ರಶ್ನೆ. ಅಜ್ಜಿಯ ಕೈಯಲ್ಲಿದ್ದದ್ದು ಅಡಕತ್ತರಿ. ಅಡಿಕೆ ಕತ್ತರಿಸುವುದಾದರೆ ಅಡಿಕತ್ತರಿ ಅನ್ನಬೇಕಿತ್ತಲ್ಲ, ಅಡಕತ್ತರಿ ಯಾಕೆ?

ಪದದಬೇರು

ಭೇಷ್! ಹಳೆಯ ಕನ್ನಡದಲ್ಲಿ ಅಡಕೆ ಅನ್ನುವ ರೂಪ ಇದೆ. ಅಡಕೆ ಕತ್ತರಿ ಸವೆದು ಅಡಕತ್ತರಿ. ಕೆಲವು ಕಡೆ ಅಡಕೊತ್ತು ಅನ್ನುತ್ತಾರೆ, ಅದರಲ್ಲೂ 'ಅಡಕ' ಇದೆ. ಮಾತು ಅಡಿಕೆ ಕಡೆ ಸರಿದರೂ ಕತ್ತರಿ ಹಳೆಯ ಹೆಸರನ್ನೇ ಹಿಡಿದುಕೊಂಡಿದೆ. ಮಗಳಿಗೆ ಹೇಳಿ, ಅಜ್ಜಿಯ ಕೈಯಲ್ಲಿರುವುದು ಕಾಯಿಗಿಂತ ಹಳೆಯ ಪದ ಅಂತ.

ಕುಂಬಳೆಸೀಮೆ

ಹಾಗಾದರೆ ತುಳುವಿನ ಬಜ್ಜೈ ಎಲ್ಲಿಂದ ಬಂತು? ತುಳುವರು ಯಾರಾದರೂ ಇದ್ದರೆ ಬರೆಯಿರಿ. ನಮ್ಮಲ್ಲಿ ಅಡಕ್ಕೆ ಸುಲಿಯಲು ಬರುವ ಅಜ್ಜನಿಗೆ ಎಪ್ಪತ್ತು ದಾಟಿದೆ, ಮೆಟ್ಟುಗತ್ತಿಯ ಮುಂದೆ ಕೂತರೆ ಹಳೆ ಮಾತು ಎಷ್ಟು ಬೇಕಾದರೂ ಹೇಳುತ್ತಾರೆ. ನಾಳೆ ಬೆಳಿಗ್ಗೆ ಬರುತ್ತಾರೆ, ಅವರನ್ನು ಕೇಳಿ ಇಲ್ಲೇ ಹಾಕುತ್ತೇನೆ.